ಅಳಿವೆಯ ನೀರು

ಈ ಒಂದು ದಿನದ ಮಟ್ಟಿಗೆ ನೀವು ನವಲಗುಂದ ಸೀಮೆಯ ಶಲವಡಿಯವರು. ವಯಸ್ಸು ಮೂವತ್ತೊಂಬತ್ತು, ನೌಕರಿ ಹುಬ್ಬಳ್ಳಿಯಲ್ಲಿ, ಹೊಲ ಊರಲ್ಲಿ. ಈಗ ನಿಂತಿರುವುದು ಮಾತ್ರ ಪಣಜಿಯ ಮೀರಾಮಾರ್ ಬೀಚಿನ ತಣ್ಣನೆ ಮರಳಿನ ಮೇಲೆ, ಬರಿಗಾಲಲ್ಲಿ, ಇನ್ನೂ ಪೂರ್ತಿ ಬೆಳಕು ಹರಿಯದ ಹೊತ್ತಿನಲ್ಲಿ. ಮೂಗಿಗೆ ಮೊದಲು ಬಡಿಯುವುದು ಕಡಲಿನ ವಾಸನೆಯಲ್ಲ. ನೋವಿನ ಮುಲಾಮು, ಸನ್‌ಸ್ಕ್ರೀನ್, ಯಾರೋ ತಿಂದು ಬಿಟ್ಟ ಬಾಳೆಹಣ್ಣಿನ ಸಿಪ್ಪೆ. ಸ್ಪೀಕರಿನ ಹಾಡು ಎದೆಗೂಡಿನೊಳಗೆ ಕುಟ್ಟುತ್ತಿದೆ. ಹಾಡು ನಿಂತ ಅರೆಗಳಿಗೆಯಲ್ಲಿ ಮಾತ್ರ ಅಲೆ ಮರಳು ಕೆರೆಯುವ ಸದ್ದು ಕೇಳುತ್ತದೆ. ಎಡ ಕಣಕಾಲಿಗೆ ಟೈಮಿಂಗ್ ಚಿಪ್ಪಿನ ಪಟ್ಟಿ ಬಿಗಿದಿದೆ. ಪಟ್ಟಿಯ ಕೆಳಗೆ ನಾಡಿ ಹೊಡೆದುಕೊಳ್ಳುವುದು ನಿಮಗೆ ಗೊತ್ತಾಗುತ್ತಿದೆ.

ಬೆಳಗಿನಿಂದ ಮೂರು ಸಲ ಶೌಚಕ್ಕೆ ಹೋಗಿ ಬಂದಿದ್ದೀರಿ. ನಾಲ್ಕನೆಯದಕ್ಕೆ ಹೊಟ್ಟೆ ಕರೆಯುತ್ತಿದೆ. ಸಾಲು ಉದ್ದ ಇದೆ, ಹೊತ್ತಿಲ್ಲ. ತಡೆದುಕೊಳ್ಳುತ್ತೀರಿ.

ಮುಂದಿರುವ ಲೆಕ್ಕ ಇಷ್ಟು: 1.9 ಕಿಲೋಮೀಟರ್ ಕಡಲಲ್ಲಿ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಮೂರನ್ನೂ ಮೈಲಿಯಲ್ಲಿ ಕೂಡಿಸಿದರೆ 70.3, ಅದಕ್ಕೇ ಈ ಸ್ಪರ್ಧೆಯ ಹೆಸರು ಐರನ್‌ಮ್ಯಾನ್ 70.3. ಎಲ್ಲ ಸೇರಿ 8 ಗಂಟೆ 30 ನಿಮಿಷದೊಳಗೆ ಮುಗಿಯಬೇಕು. ಇದರ ದುಪ್ಪಟ್ಟು ಪೂರ್ಣ ಐರನ್‌ಮ್ಯಾನ್. 1978ರಲ್ಲಿ ಹವಾಯಿಯ ಓಹು ದ್ವೀಪದಲ್ಲಿ ಮೊದಲ ಸಲ ಅದಕ್ಕೆ ಇಳಿದವರು 15 ಜನ, ಮುಗಿಸಿದವರು 12. ಆ ಉಳಿದ ಮೂವರ ನೆನಪು ಈಗಲೇ ಯಾಕೆ ಬರಬೇಕೋ.

ನಿಮ್ಮ ತಲೆಯೊಳಗೆ ಈ ಹುಳ ಹೊಕ್ಕದ್ದು 2022ರ ಜೂನ್‌ನಲ್ಲಿ. ನೈಋತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರ್ ಜರ್ಮನಿಯ ಹ್ಯಾಂಬರ್ಗಿನಲ್ಲಿ ಪೂರ್ಣ ಐರನ್‌ಮ್ಯಾನನ್ನು 13 ಗಂಟೆ 26 ನಿಮಿಷದಲ್ಲಿ ಮುಗಿಸಿದ ಸುದ್ದಿ ಓದಿದಾಗ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ. ಅಷ್ಟೇ ಸಂಬಂಧ. ಆದರೆ ಮನುಷ್ಯ ಹುಚ್ಚಿಗೆ ಬೀಳಲು ಅಷ್ಟು ಸಂಬಂಧ ಸಾಕಾಗುತ್ತದೆ.

ಪಕ್ಕದಲ್ಲಿ ನಿಂತವರು ನಿಮ್ಮ ಕಾಲು ನಡುಗುವುದನ್ನು ನೋಡುತ್ತಿದ್ದಾರೆ. ಹುಬ್ಬಳ್ಳಿಯವರು, ಮಾತಿನಲ್ಲೇ ಗೊತ್ತಾಗುತ್ತದೆ.

"ಮೊದಲ್ನೇ ಸಲಾ ಏನ್ರಿ?"

"ಹೂನ್ರಿ."

"ಮೊದಲ್ನೇ ಇನ್ನೂರ್ ಮೀಟರ್ ಜೀವಾ ಹೋದಂಗ ಆಗತೈತಿ. ಹೋಗಂಗಿಲ್ಲ. ಉಸರು ಬಿಡೂದಷ್ಟ ಲಕ್ಷ್ಯ ಇಡ್ರಿ, ತಗೊಳ್ಳೂದು ತಾನ ಆಗತೈತಿ."

ಸಾಲು ಸರಿಯುತ್ತದೆ. ಎಲ್ಲರನ್ನೂ ಒಮ್ಮೆಲೇ ಬಿಡುವುದಿಲ್ಲ. ಕೆಲವು ಸೆಕೆಂಡಿಗೊಮ್ಮೆ ಕೆಲವರು, ಹಾರ್ನ್ ಊದಿದ ಹಾಗೆಲ್ಲ ಒಂದೊಂದು ಗುಂಪು. ಚಿಪ್ಪು ಓದುವ ಚಾಪೆ ದಾಟಿದ ಮೇಲೆ ನಿಮ್ಮ ಗಡಿಯಾರ ಶುರು. ನೀರು ಮೊಣಕಾಲಿಗೆ, ತೊಡೆಗೆ, ಸೊಂಟಕ್ಕೆ. ಬೆಚ್ಚಗಿದೆ, ಹಂಡೆಯ ತಳದಲ್ಲಿ ಉಳಿದ ನೀರಿನ ಹಾಗೆ. ನೀವು ಕನ್ನಡಕ ಒತ್ತಿಕೊಂಡು ಮುಂದಕ್ಕೆ ಬೀಳುತ್ತೀರಿ.

ಈಜು ಕಲಿತದ್ದು ಮಲಪ್ರಭಾ ಕಾಲುವೆಯಲ್ಲಿ, ಬೆನ್ನಿಗೆ ಖಾಲಿ ಕ್ಯಾನು ಕಟ್ಟಿಕೊಂಡು. ಊರ ಕೆರೆಗೆ ಇಳಿಯುವಂತಿರಲಿಲ್ಲ. ಅದು ಕುಡಿಯುವ ನೀರು, ಕಾಲು ಅದ್ದಿದ ಹುಡುಗನ ಬೆನ್ನಿಗೆ ಕಂಡ ಹಿರಿಯರ ಕೈ ಬೀಳುತ್ತಿತ್ತು. ನೆಲದೊಳಗಿನ ನೀರು ಸವಳು. ಹೀಗಾಗಿ ಕಾಲುವೆಗೆ ನೀರು ಬಿಟ್ಟರೆ ಈಜು, ಬಿಡದಿದ್ದರೆ ಅದರ ತಳದಲ್ಲೇ ಕ್ರಿಕೆಟ್. ಕಾಲುವೆಗೆ ಎರಡು ದಂಡೆ ಇರುತ್ತವೆ. ಸುಸ್ತಾದರೆ ಒಂದು ಕೈಗೆ ಸಿಗುತ್ತದೆ. ಆಮೇಲೆ ಹುಬ್ಬಳ್ಳಿಯ ಈಜುಕೊಳದಲ್ಲಿ ವರ್ಷಗಟ್ಟಲೆ ರೂಢಿ ಮಾಡಿದಿರಿ. ಅಲ್ಲಿಯೂ ತಳದಲ್ಲಿ ಕರಿ ಗೆರೆ, ಇಪ್ಪತ್ತೈದು ಮೀಟರಿಗೊಂದು ಗೋಡೆ.

ಇಲ್ಲಿ ತಳ ಇಲ್ಲ. ಗೋಡೆ ಇಲ್ಲ. ನೀರು ಕೆಸರು ಹಸಿರು. ಮುಂದೆ ಚಾಚಿದ ನಿಮ್ಮ ಕೈ ನಿಮಗೇ ಕಾಣುವುದಿಲ್ಲ. ಯಾರದೋ ಹಿಮ್ಮಡಿ ನಿಮ್ಮ ದವಡೆಗೆ ಬಡಿಯುತ್ತದೆ. ಕನ್ನಡಕದ ಎಡಗಣ್ಣಿಗೆ ನೀರು ನುಗ್ಗಿ ಉರಿಯುತ್ತದೆ. ಉಸಿರಿಗೆಂದು ಬಾಯಿ ತೆರೆದಾಗಲೇ ಅಲೆ. ಉಪ್ಪು. ಕೆಮ್ಮು. ಇನ್ನೊಂದು ಅಲೆ. ಗಂಟಲು ಮುಚ್ಚಿಕೊಳ್ಳುತ್ತದೆ, ಎದೆಗೆ ಯಾರೋ ಹಗ್ಗ ಸುತ್ತಿ ಬಿಗಿದ ಹಾಗೆ. ಕಾಲು ನೆಲ ಹುಡುಕುತ್ತದೆ, ಸಿಗುವುದಿಲ್ಲ. ಮತ್ತೆ ಹುಡುಕುತ್ತದೆ. ಇಲ್ಲ. ತಲೆ ಮೇಲೆತ್ತಿದಷ್ಟೂ ಸೊಂಟ ಮುಳುಗುತ್ತದೆ. ಸೊಂಟ ಮುಳುಗಿದಷ್ಟೂ ಉಸಿರು ಸಣ್ಣದಾಗುತ್ತದೆ. ಇದೇನಾ ಅದು, ಎಂದುಕೊಳ್ಳುತ್ತೀರಿ. ಹೀಗೇನಾ ಆಗುವುದು.

ಬಲಕ್ಕೆ ಇಪ್ಪತ್ತು ಮಾರು ದೂರದಲ್ಲಿ ಕಯಾಕ್ ಮೇಲೆ ಜೀವರಕ್ಷಕ ಹುಡುಗ ಕೂತಿದ್ದಾನೆ. ಕೈ ಎತ್ತಿದರೆ ಬರುತ್ತಾನೆ. ಕಯಾಕ್ ಹಿಡಿದು ಸುಧಾರಿಸಿಕೊಳ್ಳಲು ನಿಯಮದ ಅಡ್ಡಿಯಿಲ್ಲ, ಅದು ನಿಮ್ಮನ್ನು ಮುಂದೆ ಎಳೆಯಬಾರದು ಅಷ್ಟೇ. ಇದು ನಿಮಗೆ ಗೊತ್ತು, ಓದಿದ್ದೀರಿ. ಆದರೂ ಕೈ ಎತ್ತಲು ಮನಸ್ಸು ಒಪ್ಪದು. ಒಮ್ಮೆ ಹಿಡಿದರೆ ಬಿಡುತ್ತೀರಾ? ನಿಮ್ಮ ಬಗ್ಗೆ ನಿಮಗೇ ಖಾತ್ರಿಯಿಲ್ಲ. ಬೆನ್ನಿಗೆ ಕಟ್ಟಿದ ಕ್ಯಾನು ಬಿಚ್ಚಿದ ದಿನ ನೀವು ಕಾಕಾನ ಕೈ ಎಷ್ಟು ಹೊತ್ತು ಬಿಟ್ಟಿರಲಿಲ್ಲ!

ಹುಡುಗ ನಿಮ್ಮನ್ನೇ ನೋಡುತ್ತಿದ್ದಾನೆ. "ಠೀಕ್ ಹೈ ಸಾಬ್?"

ನೀವು ಮಲಗುತ್ತೀರಿ. ಹೌದು, ಅಂಗಾತ. ಆಕಾಶ ಕಾಣುತ್ತದೆ, ಅರ್ಧ ಬೂದಿ, ಅರ್ಧ ಕೆಂಪು. ಕಿವಿ ನೀರೊಳಗೆ ಮುಳುಗಿದಾಗ ಹಾಡು, ಹಾರ್ನು, ಜನ ಎಲ್ಲ ದೂರವಾಗಿ ನಿಮ್ಮ ಉಸಿರಿನ ಸದ್ದೊಂದೇ ಉಳಿಯುತ್ತದೆ. ಉಸರು ಬಿಡೂದಷ್ಟ. ಬಿಡುತ್ತೀರಿ. ಉದ್ದಕ್ಕೆ, ತುಟಿ ಊದಿಸಿ, ಹೊಟ್ಟೆ ಬೆನ್ನಿಗೆ ಹತ್ತುವವರೆಗೆ. ತಾನೇ ಒಳಗೆ ಬರುತ್ತದೆ. ಇನ್ನೊಮ್ಮೆ. ಹತ್ತು ಸಲ ಎಣಿಸುತ್ತೀರಿ. ಆಮೇಲೆ ಹೊರಳಿ, ಕನ್ನಡಕದ ನೀರು ಚೆಲ್ಲಿ, ಕಪ್ಪೆಯ ಹಾಗೆ ಕೈಕಾಲು ಅಗಲಿಸಿ, ಊರಲ್ಲಿ ಈಸುತ್ತಿದ್ದ ರೀತಿಯಲ್ಲಿ ಮುಂದೆ ಸರಿಯುತ್ತೀರಿ. ಚೆಂದ ಕಾಣುವುದಿಲ್ಲ. ಇಲ್ಲಿ ನೋಡುವವರು ಯಾರಿದ್ದಾರೆ!

ಮೊದಲ ಕಿತ್ತಳೆ ಬಣ್ಣದ ತೇಲುಗುಂಡು ತಲುಪುವ ಹೊತ್ತಿಗೆ ಮೈ ಹದಕ್ಕೆ ಬಂದಿದೆ, ಫ್ರೀಸ್ಟೈಲ್ ತಿರುಗಿ ಬಂದಿದೆ. ಎಂಟು ಕೈ ಹಾಕುವುದು, ಮೊಸಳೆಯ ಹಾಗೆ ಕಣ್ಣಷ್ಟೇ ಮೇಲೆತ್ತಿ ಮುಂದಿನ ಗುಂಡು ಹುಡುಕುವುದು, ಮತ್ತೆ ಎಂಟು. ಉಪ್ಪು ನಾಲಿಗೆಯ ಮೇಲೆ ದಪ್ಪಗೆ ಕೂತಿದೆ.

ಈ ನೀರಿನ ಸಂಗತಿ ಒಂದು ಹೇಳಬೇಕು. ಮೀರಾಮಾರ್‌ನಲ್ಲಿ ಕಡಲಿಗೆ ಮುಖ ಮಾಡಿ ನಿಂತರೆ ಬಲಗಡೆ ಮಾಂಡೋವಿ ನದಿಯ ಅಳಿವೆ. ಗೋವಾದವರಿಗೆ ಮಾಂಡೋವಿ, ನಿಮ್ಮ ಸೀಮೆಗೆ ಮಹದಾಯಿ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿ ಇಲ್ಲಿಗೆ ಬಂದು ಸೇರುವ ನದಿ. ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿ ಎಂದು ನವಲಗುಂದ, ನರಗುಂದದ ಜನ ವರ್ಷಗಟ್ಟಲೆ ರಸ್ತೆಯಲ್ಲಿ ಕೂತರು. ಸುಟ್ಟ ಟೈರಿನ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನೀವೂ ಒಂದು ದಿನ ಘೋಷಣೆ ಕೂಗಿದ್ದೀರಿ. ನೀರಿಗಾಗಿ ಬೀದಿಗಿಳಿಯುವುದು ಅಲ್ಲಿಯವರಿಗೆ ಹೊಸದೂ ಅಲ್ಲ. ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ಗುಂಡು ಹಾರಿದ್ದು ಅದೇ ಸೀಮೆಯಲ್ಲಿ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಮಹದಾಯಿಯಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಕೊಟ್ಟಿತು, ಅದರಲ್ಲಿ ಮಲಪ್ರಭೆಗೆ ತಿರುಗಿಸಲು 3.9. ಕಾಗದದ ಮೇಲಿನ ಆ ನೀರು ಕಾಲುವೆಗೆ ಬಂದಿಲ್ಲ. ನೀವೇ ಅದರೊಳಗೆ ಬಂದು ಬಿದ್ದಿದ್ದೀರಿ, ಬೇಡ ಬೇಡವೆಂದರೂ ಗುಟುಕು ಗುಟುಕಾಗಿ ಅದು ನಿಮ್ಮ ಹೊಟ್ಟೆ ಸೇರುತ್ತಿದೆ.

ಕೈಬೆರಳಿಗೆ ಮರಳು ತಾಗುತ್ತದೆ. ಎದ್ದು ನಿಲ್ಲುತ್ತೀರಿ, ಭೂಮಿ ಒಂದು ಕಡೆಗೆ ವಾಲುತ್ತದೆ. 1 ಗಂಟೆ 2 ನಿಮಿಷ. ಈಜಿನ ಗಡುವು 1 ಗಂಟೆ 10 ನಿಮಿಷ.

ಸೈಕಲ್‌ಗಳ ಸಾಲಿನಲ್ಲಿ ನಿಮ್ಮದು ಹುಡುಕಿ, ಬೆರಳ ಸಂದಿಯ ಮರಳು ಒರೆಸಿ, ಕಾಲುಚೀಲ ಏರಿಸುವುದರಲ್ಲಿ 9 ನಿಮಿಷ ಹೋಗುತ್ತದೆ. ಮರಳು ಒರೆಸದೆ ಓಡಬಹುದಿತ್ತು, ಎರಡು ನಿಮಿಷ ಉಳಿಯುತ್ತಿತ್ತು. ಶ್ರೀಶೈಲಕ್ಕೆ ನಡೆದುಹೋದ ನಿಮ್ಮ ಕಾಕಾ ಒಂದು ಮಾತು ಹೇಳಿದ್ದಾನೆ: ಬೊಕ್ಕೆ ಬಂದ ಕಾಲಿಗೆ ಮಲ್ಲಯ್ಯನೂ ದೂರ. ಒರೆಸುತ್ತೀರಿ.

ಸೈಕಲ್ ಮೇಲೆ ಕೂತ ಕೂಡಲೇ ನೀವು ನೀವಾಗುತ್ತೀರಿ. ಗಾಳಿ ಮೈಯ ಉಪ್ಪನ್ನು ಒಣಗಿಸುತ್ತದೆ, ತೋಳಿನ ಮೇಲೆ ಬಿಳಿ ಗೆರೆ ಮೂಡುತ್ತವೆ. ರಸ್ತೆ ನವಲಗುಂದದ ರಸ್ತೆಯ ಹಾಗೆ ಚಪ್ಪಟೆಯಲ್ಲ. ಏರು, ಇಳಿಜಾರು, ಮತ್ತೆ ಏರು. ಎರಿ ಭೂಮಿಯ ಬಯಲಲ್ಲಿ ಎದುರುಗಾಳಿಗೆ ತಲೆ ಬಗ್ಗಿಸಿ ತುಳಿದು ಬೆಳೆದ ತೊಡೆಗೆ ಏರು ಹೊಸ ಭಾಷೆ. ಮುಂದಿನ ಸೈಕಲ್ಲಿಗೂ ನಿಮಗೂ ನಡುವೆ 12 ಮೀಟರ್ ಅಂತರ ಇರಬೇಕು. ಒಬ್ಬರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಂಡರೆ ದಂಡ. ಚಕ್ಕಡಿಯ ಹಿಂದೆ ಸೈಕಲ್ ಹಿಡಿದು ಶಾಲೆಗೆ ಹೋದ ನಿಮಗೆ ಇದು ಬಹಳ ಅನ್ಯಾಯದ ನಿಯಮ ಎನಿಸಿದರೆ ನಾನೇನೂ ತಕರಾರು ಮಾಡುವುದಿಲ್ಲ.

ಹಿಂದಿನ ಕಿಸೆಯಲ್ಲಿ ಶೇಂಗಾ ಹೋಳಿಗೆ ಇದೆ, ನಾಲ್ಕು ತುಂಡು ಮಾಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು. ಉಳಿದವರು ಜೆಲ್ ಹೀರುತ್ತಿದ್ದಾರೆ. ಅದು ನಿಮಗೆ ಗಂಟಲಲ್ಲಿ ಅಂಟಿಕೊಳ್ಳುತ್ತದೆ, ರೂಢಿಯ ದಿನಗಳಲ್ಲೇ ಗೊತ್ತಾಗಿದೆ. ಬೆಲ್ಲ, ಶೇಂಗಾ, ಎಳ್ಳು: ಬಾಯಲ್ಲಿ ಕರಗಲು ಹೊತ್ತು ಹಿಡಿದರೂ ಹೊಟ್ಟೆ ಗುರುತು ಹಿಡಿಯುತ್ತದೆ. ಅರ್ಧ ಗಂಟೆಗೊಂದು ತುಂಡು, ಮೇಲೆ ಉಪ್ಪು ಬೆರೆಸಿದ ನೀರು.

ಐವತ್ತು ಕಿಲೋಮೀಟರ್ ದಾಟಿದೆ. ಬಿಸಿಲು ಬೆನ್ನ ಮೇಲೆ ಕೈಯಿಟ್ಟಿದೆ. ಇಳಿಜಾರಿನ ಕೊನೆಯಲ್ಲಿ ಹಿಂದಿನ ಚಕ್ರ ಜಾರಿದ ಹಾಗಾಗುತ್ತದೆ. ಆಮೇಲೆ ಆ ಸದ್ದು. ಸುಸ್ಸ್, ಸುಸ್ಸ್, ಚಕ್ರ ಸುತ್ತಿದಂತೆಲ್ಲ. ಆಮೇಲೆ ರಿಮ್ಮು ಡಾಂಬರಿಗೆ ತಾಗುವ ಒರಟು ಗುದ್ದು.

ಇಳಿಯುತ್ತೀರಿ. ಕೈ ನಡುಗುತ್ತಿದೆ. ಹೊರಗಿನವರ ನೆರವು ಪಡೆಯುವಂತಿಲ್ಲ. ಚಕ್ರ ಬಿಚ್ಚಿ, ಟೈರಿನ ಅಂಚು ಎಬ್ಬಿಸಿ, ಟ್ಯೂಬು ಎಳೆದು ಹೊರಗೆ ಹಾಕುತ್ತೀರಿ. ಹೊಸ ಟ್ಯೂಬು ಕೈಯಲ್ಲಿದೆ. ಹಾಕಿ ಹೊರಡು, ಹಾಕಿ ಹೊರಡು ಎನ್ನುತ್ತದೆ ಮೈಯೆಲ್ಲ. ಒಬ್ಬೊಬ್ಬರೇ ಗಾಳಿಯ ಹಾಗೆ ದಾಟಿಹೋಗುತ್ತಿದ್ದಾರೆ. ಆದರೆ ಜಾಲಿಮುಳ್ಳಿನ ಸೀಮೆಯವರಿಗೆ ಒಂದು ಪಾಠ ಸಣ್ಣಂದಿನಿಂದ ಗೊತ್ತು: ಮುಳ್ಳು ಒಳಗೇ ಉಳಿದರೆ ಹೊಸ ಟ್ಯೂಬೂ ಹತ್ತು ಹೆಜ್ಜೆಗೆ ಹೋಗುತ್ತದೆ. ಇರುವುದು ಒಂದೇ ಟ್ಯೂಬು. ಟೈರಿನ ಒಳಮೈ ಮೇಲೆ ಬೆರಳ ತುದಿಯನ್ನು ಮೆಲ್ಲಗೆ, ಬಹಳ ಮೆಲ್ಲಗೆ ಜಾರಿಸುತ್ತೀರಿ. ಅರ್ಧ ಸುತ್ತು, ಏನೂ ಇಲ್ಲ. ಮುಕ್ಕಾಲು. ಏನೂ ಇಲ್ಲ. ಚುರ್ ಎನ್ನುತ್ತದೆ. ಕೂದಲಿಗಿಂತ ಸ್ವಲ್ಪ ದಪ್ಪದ ಉಕ್ಕಿನ ತಂತಿ, ಯಾವುದೋ ಲಾರಿಯ ಸವೆದ ಟೈರಿನಿಂದ ಉದುರಿದ್ದು. ಉಗುರಿನಲ್ಲಿ ಹಿಡಿಯಲು ಸಿಗದು. ಹಲ್ಲಿನಲ್ಲಿ ಕಚ್ಚಿ ಎಳೆಯುತ್ತೀರಿ. ಬಾಯಿಗೆ ರಬ್ಬರು, ರಸ್ತೆಯ ಧೂಳು, ಬೆರಳಿನಿಂದ ಬಂದ ಒಂದು ಹನಿ ರಕ್ತ.

"ಟ್ಯೂಬ್ ಐತೇನ್ರಿ?" ಬೆಳಗಿನ ಹುಬ್ಬಳ್ಳಿಯವರು, ವೇಗ ಇಳಿಸಿ.

"ಐತ್ರಿ, ನೀವ್ ನಡೀರಿ!"

ಕೈಪಂಪಿನಲ್ಲಿ ಇನ್ನೂರು ಸಲ ಒತ್ತಿದಾಗ ಟೈರು ಗಟ್ಟಿಯಾಗುತ್ತದೆ. ಹದಿನಾಲ್ಕು ನಿಮಿಷ ರಸ್ತೆಬದಿಗೆ ಸುರಿದು ಹೋಯಿತು. ಉಳಿದ ದಾರಿಯಲ್ಲಿ ಅದನ್ನು ಹೆಕ್ಕಿಕೊಳ್ಳಬೇಕೇ, ತೊಡೆಯನ್ನು ಓಟಕ್ಕೆ ಉಳಿಸಬೇಕೇ? ಸಿಟ್ಟು ಹೆಕ್ಕಿಕೋ ಎನ್ನುತ್ತದೆ. ಸಿಟ್ಟಿನ ಮಾತು ಕೇಳಿ ಹತ್ತು ಕಿಲೋಮೀಟರ್ ತುಳಿಯುತ್ತೀರಿ. ಅದು ತಪ್ಪು. ತಪ್ಪೆಂದು ಹೇಳುವುದು ಮಧ್ಯಾಹ್ನದ ಮೇಲೆ, ಎಡ ಮೀನಖಂಡ.

ಶುರುವಾಗಿ 5 ಗಂಟೆ 9 ನಿಮಿಷಕ್ಕೆ ಸೈಕಲ್ ಇಳಿಸುತ್ತೀರಿ. 5 ಗಂಟೆ 30 ನಿಮಿಷ ದಾಟಿದ್ದರೆ ಅಲ್ಲೇ ಚಿಪ್ಪು ಬಿಚ್ಚಿಸಿಕೊಂಡು ಕೂರಬೇಕಿತ್ತು. ಬೂಟು ಬದಲಿಸಿ, ಟೊಪ್ಪಿಗೆ ಹಾಕಿ, ಓಡಲು ಹೆಜ್ಜೆ ಎತ್ತಿದರೆ ಕಾಲು ನಿಮ್ಮದಲ್ಲ. ಹದ ಮಳೆ ಬಿದ್ದ ಮರುದಿನ ಎರಿ ಹೊಲಕ್ಕೆ ಹೊಕ್ಕವರಿಗೆ ಗೊತ್ತು: ಒಂದೊಂದು ಹೆಜ್ಜೆಗೂ ಮಣ್ಣು ಮೆತ್ತಿ, ಮೆತ್ತಿದ್ದರ ಮೇಲೆ ಮತ್ತೆ ಮೆತ್ತಿ, ಹತ್ತು ಹೆಜ್ಜೆಗೆ ಒಂದೊಂದು ಕಾಲು ಒಂದೊಂದು ಕಲ್ಲಾಗುತ್ತದೆ. ಹೊಲದಲ್ಲಾದರೆ ಕಡ್ಡಿ ತೆಗೆದು ಕೆರೆದುಕೊಳ್ಳಬಹುದು. ಇಲ್ಲಿ ಕೆರೆದುಕೊಳ್ಳಲು ಏನೂ ಅಂಟಿಲ್ಲ.

ಹುಬ್ಬಳ್ಳಿಯ ಬಿಸಿಲು ಸುಡುತ್ತದೆ, ಆದರೆ ಬೆವರು ಆರುತ್ತದೆ. ಕರಾವಳಿಯದು ಹಬೆಯ ಪಾತ್ರೆ. ಬೆವರು ಆರದೆ ಮೊಣಕೈಯಿಂದ ಹನಿಯುತ್ತದೆ, ಬೂಟಿನೊಳಗೆ ಇಳಿದು ಪಚ್ ಪಚ್ ಎನ್ನುತ್ತದೆ. ನೀರು ಕೊಡುವ ಟೇಬಲ್ಲಿನಲ್ಲಿ ಮಂಜುಗಡ್ಡೆ ಸಿಗುತ್ತದೆ, ಟೊಪ್ಪಿಗೆಯಲ್ಲಿ ತುಂಬಿ ತಲೆಗೆ ಹಾಕಿಕೊಳ್ಳುತ್ತೀರಿ. ಕೋಲಾ ಕುಡಿದರೆ ಹೊಟ್ಟೆಯಲ್ಲಿ ಕೊಡ ಕುಲುಕಿದ ಸದ್ದು. ಮೊದಲ ಏಳು ಕಿಲೋಮೀಟರ್ ಹೇಗೋ ಆಗುತ್ತದೆ, ಒಂದು ಗಂಟೆಯೊಳಗೆ.

ಒಂಬತ್ತನೆಯದರಲ್ಲಿ ಎಡ ಮೀನಖಂಡ ಗಂಟು ಕಟ್ಟುತ್ತದೆ. ಕಟ್ಟುವುದನ್ನು ಕಣ್ಣಾರೆ ನೋಡಬಹುದು, ಚರ್ಮದ ಕೆಳಗೆ ನಿಂಬೆಹಣ್ಣಿನ ಗಾತ್ರದ ಗಡ್ಡೆ ಎದ್ದು ನಿಲ್ಲುತ್ತದೆ. ಬಾಯಿಂದ ಬಂದ ಕೂಗು ನಿಮ್ಮದೇ ಎಂದು ಆಮೇಲೆ ಗೊತ್ತಾಗುತ್ತದೆ. ಮರವೊಂದಕ್ಕೆ ಎರಡೂ ಕೈ ಕೊಟ್ಟು ಹಿಮ್ಮಡಿ ನೆಲಕ್ಕೆ ಒತ್ತುತ್ತೀರಿ. ನೆರಳಿದೆ. ಕೂರಬಹುದು. ಯಾರೂ ಕೇಳುವುದಿಲ್ಲ.

ಕೂರಬೇಡಿ. ಕೂತರೆ ಆಯಿತು.

ನಡೆಯುತ್ತೀರಿ. ನಡೆಯುತ್ತ ಲೆಕ್ಕ ಹಾಕುತ್ತೀರಿ, ಎರಡು ಸಲ ತಪ್ಪುತ್ತೀರಿ, ಮೂರನೆಯ ಸಲ ಸರಿ ಬರುತ್ತದೆ. ಹದಿನಾಲ್ಕು ಮುಗಿದಾಗ 7 ಗಂಟೆ 24 ನಿಮಿಷ. ಉಳಿದದ್ದು 7.1 ಕಿಲೋಮೀಟರ್, 66 ನಿಮಿಷ. ಬರೀ ನಡೆದರೆ ಆಗುವುದಿಲ್ಲ. ಓಡಿದರೆ ಕಾಲು ಮತ್ತೆ ಹಿಡಿಯಬಹುದು, ಹಿಡಿದರೆ ಎಲ್ಲ ಮುಗಿಯಿತು. 2024ರ ಅಕ್ಟೋಬರಿನಲ್ಲಿ ಇದೇ ಪಣಜಿಯಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಮುಗಿಸಿದ ವೇಳೆ 8 ಗಂಟೆ 27 ನಿಮಿಷ 32 ಸೆಕೆಂಡ್. ಗಡುವಿಗೆ ಎರಡೂವರೆ ನಿಮಿಷ ಉಳಿದಿತ್ತು. ಎರಡೂವರೆ ನಿಮಿಷ ಸಾಕು, ಎಂದುಕೊಳ್ಳುತ್ತೀರಿ. ಒಂದು ಸೆಕೆಂಡೂ ಸಾಕು.

ನೂರು ಹೆಜ್ಜೆ ಓಟ, ಐವತ್ತು ಹೆಜ್ಜೆ ನಡಿಗೆ. ಹೆಜ್ಜೆ ಎಣಿಸುವುದೊಂದೇ ಕೆಲಸ. ನಿಮ್ಮ ಊರ ಕಡೆ ಪಂಥ ಕಟ್ಟಿ ಜೋಳದ ಚೀಲ ಹೊತ್ತು ಮೈಲುಗಟ್ಟಲೆ ನಡೆಯುವ ಹುಡುಗರಿದ್ದಾರೆ. ಚೀಲ ಇಳಿಸಿದವನ ಕಥೆ ಅಲ್ಲಿಗೆ ಮುಗಿಯಿತು, ಎತ್ತಿ ಹೆಗಲಿಗೇರಿಸಲು ಎರಡನೆಯ ಸಲ ಯಾರೂ ಬರುವುದಿಲ್ಲ. ಡೊಳ್ಳು ಬಡಿಯುತ್ತ ಜೊತೆಗೆ ನಡೆಯುವ ಜನ ಅಲ್ಲಿ ಇರುತ್ತಾರೆ, ಭಂಡಾರ ತೂರುತ್ತಾರೆ. ಇಲ್ಲಿ ದಾರಿಬದಿಯ ಮುದುಕಿಯೊಬ್ಬಳು ಕೊಂಕಣಿಯಲ್ಲಿ ಏನೋ ಹೇಳಿ ಚಪ್ಪಾಳೆ ತಟ್ಟುತ್ತಾಳೆ. ಅರ್ಥವಾಗದಿದ್ದರೂ ಬೆನ್ನಿಗೆ ಕೈ ಇಟ್ಟ ಹಾಗಾಗುತ್ತದೆ. ನೂರು. ಐವತ್ತು. ನೂರು. ಗಂಟಲಲ್ಲಿ ಬೆಳಗಿನ ಉಪ್ಪು ಇನ್ನೂ ಇದೆ. ನೂರು. ಮೀನಖಂಡ ತುಡಿಯುತ್ತದೆ, ಹಿಡಿಯುವುದಿಲ್ಲ. ಐವತ್ತು. ಸ್ಪೀಕರಿನ ಹಾಡು ಕೇಳುತ್ತದೆ, ಬೆಳಿಗ್ಗೆ ಎದೆ ಕುಟ್ಟಿದ್ದೇ ಹಾಡು. ನೂರು, ನೂರು, ಮತ್ತೆ ನೂರು, ಈಗ ನಡಿಗೆ ಯಾಕೆ, ಕೆಂಪು ಹಾಸು ಕಾಲಿಗೆ ಮೆತ್ತಗೆ ತಾಗುತ್ತದೆ, ಕಮಾನು, ಗಡಿಯಾರ, ಯಾರೋ ನಿಮ್ಮ ಹೆಸರನ್ನು ತಪ್ಪಾಗಿ ಕೂಗುತ್ತಾರೆ.

8 ಗಂಟೆ 24 ನಿಮಿಷ.

ಕೊರಳಿಗೆ ಪದಕ ಬೀಳುತ್ತದೆ, ನಿರೀಕ್ಷೆಗಿಂತ ಭಾರ. ಅಳು ಬರುತ್ತದೆ ಎಂದುಕೊಂಡಿದ್ದಿರಿ, ಬರುವುದು ವಾಕರಿಕೆ. ಬೀಚಿನ ಅಂಚಿಗೆ ಹೋಗಿ ಬೂಟು ಬಿಚ್ಚಿ ಕಾಲು ನೀರಿಗೆ ಇಡುತ್ತೀರಿ. ಎರಡು ಉಗುರು ಕಪ್ಪಾಗಿವೆ. ಬೊಕ್ಕೆ ಒಂದೂ ಇಲ್ಲ.

ಫೋನ್ ಹಚ್ಚುತ್ತೀರಿ. ಮೂರನೆಯ ರಿಂಗಿಗೆ ಅವ್ವ ಎತ್ತುತ್ತಾಳೆ.

"ಎಷ್ಟನೇ ನಂಬರ್ ಬಂತೋ?"

"ನಂಬರಿಲ್ಲಬೇ ಅವ್ವಾ. ಮುಗಿಸಿದೆ."

"ಅಂದ್ರ ನಂಬರ್ ಬರ್ಲಿಲ್ಲ." ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ, ಎಲ್ಲೋ ಕೋಳಿ ಕೂಗುತ್ತದೆ. "ಇರ್ಲಿ ತಗೋ. ಉಂಡಿಯೇನ? ರಾತ್ರಿ ಕಾಲುವಿಗೆ ನೀರ ಬಿಟ್ಟಾರ. ನಿಮ್ಮ ಕಾಕಾ ಕಡ್ಲಿಗೆ ಹಾಯ್ಸಾಕ ಹೋಗ್ಯಾನ, ಇನ್ನೂ ಮನಿಗೆ ಬಂದಿಲ್ಲ."